ಸಡೆ ಖಾಲಿ ಬಿದ್ದಿದೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ. ಅದೂ ಬರಬಾರದ ಹೊತ್ತಿಗೇ ಬರುತ್ತದೆ. ಹೆಂಡತಿ ಎಸ್ಪೆರಾನ್ಸಾ ಇದನ್ನು ಮದುವೆಯಾದ ವಾರದೊಳಗೆ ಕಂಡುಕೊಂಡಳು. ನಮ್ಮ ಪಾದ್ರಿಗಳಿಗೆ ಗೊತ್ತು, ನಮ್ಮೂರು ಸಾಲ್ಮೊಣೆಯ ಬೀದಿನಾಯಿಗಳಿಗೂ ಗೊತ್ತು. ಇಷ್ಟು ವರ್ಷ ಅದರಿಂದ ಹಾಳಾದದ್ದೆಲ್ಲ ನನ್ನದೇ ಆಗಿತ್ತು: ಒಂದು ಹಲ್ಲು, ಒಂದು ಸೈಕಲ್ಲು, ತಮ್ಮನ ಜೊತೆಗಿನ ಮಾತುಕತೆ. ಈ ಏಪ್ರಿಲ್ಲಿನ ಕೊನೆಯ ಭಾನುವಾರ ಪಂಚಾಯಿತಿ ಸಭೆಯಲ್ಲಿ ನಾನು ಕೂಗಿದ ಮೂರು ಶಬ್ದಗಳಿಂದ ಹಾಳಾದದ್ದು ಮಾತ್ರ ಬೇರೆಯವರದು.

ನಾನು ಇನಾಸ್, ಒಡ್ಡಿನ ಕೇರಿಯ ತೂಬು ಕಾಯುವವನು. ಹೊಳೆಗೂ ನಮ್ಮ ಗಜನಿ ಗದ್ದೆಗಳಿಗೂ ನಡುವೆ ಮಣ್ಣಿನ ಒಡ್ಡು ಇದೆ, ಒಡ್ಡಿನ ನಡುವೆ ತೂಬು. ಮಳೆಗಾಲದಲ್ಲಿ ಉಬ್ಬರ ಬಂದಾಗ ಹಲಗೆ ಇಳಿಸಬೇಕು, ಇಲ್ಲದಿದ್ದರೆ ಉಪ್ಪುನೀರು ಒಳಗೆ ನುಗ್ಗಿ ಭತ್ತ ಸುಟ್ಟುಹೋಗುತ್ತದೆ. ಇಳಿತದಲ್ಲಿ ಎತ್ತಬೇಕು, ಆಗ ಬಲೆಗೆ ಮೀನು ಬೀಳುತ್ತದೆ. ಅಜ್ಜ ಇದನ್ನೇ ಮಾಡಿದ, ಅಪ್ಪ ಇದನ್ನೇ ಮಾಡಿದ, ನನಗೆ ಬೇರೆ ಕೆಲಸ ಬರುವುದಿಲ್ಲ. ಇಪ್ಪತ್ತೆರಡು ಮನೆಯವರ ಅನ್ನ ಆ ಹಲಗೆಯ ಮೇಲೆ ನಿಂತಿದೆ.

ಕ್ಯಾಸಿನೊ ಸುದ್ದಿ ಬಂದದ್ದು ಗೇರುಹಣ್ಣಿನ ಕಾಲಕ್ಕೆ. ಪಣಜಿಯ ಹೊಳೆಯಲ್ಲಿ ದೀಪ ಹಚ್ಚಿಕೊಂಡು ನಿಂತ ಜೂಜಿನ ಹಡಗುಗಳನ್ನು ನೋಡಿ ನೋಡಿ ನಮಗೆ ಕಣ್ಣು ಸೋತುಹೋಗಿತ್ತು, ಅದು ಅವರ ಹಣೆಬರಹ ಎಂದುಕೊಂಡಿದ್ದೆವು. ಈಗ ಯಾವುದೋ ಕಂಪನಿಗೆ ನಮ್ಮೂರಿನ ಹೊಳೆಯೂ ಚೆಂದ ಕಂಡಿತಂತೆ. ಹೋಟೆಲ್ಲು, ಕ್ಯಾಸಿನೊ, ದೋಣಿ ನಿಲ್ಲುವ ಕಟ್ಟೆ, ಎಲ್ಲ ಕಟ್ಟುತ್ತಾರಂತೆ. ಮೂರು ಜಾಗ ನೋಡಿಟ್ಟಿದ್ದರು. ಒಂದು, ಫೆರಿ ಕೇರಿಯ ಇಳಿಜಾರು, ಫೆರಿ ದೋಣಿ ಬಂದು ನಿಲ್ಲುವಲ್ಲಿ. ಎರಡು, ನಮ್ಮ ಒಡ್ಡು, ಗಜನಿಗೆ ಮಣ್ಣು ತುಂಬಿಸಿ. ಮೂರು, ಊರ ಮೇಲಿನ ಸಡೆ, ಕೆಂಪು ಕಲ್ಲಿನ ಆ ಬಯಲು. ಪಂಚಾಯಿತಿಯವರು ನೋಟಿಸನ್ನು ಕೇರಿ ಕೇರಿಗೆ ಅಂಟಿಸಿದರು.

ಸಡೆಯ ಮೇಲೆ ಗಾವಡೆ ಬುಡಕಟ್ಟಿನವರ ಹನ್ನೆರಡು ಮನೆಗಳಿವೆ. ಶೆವಂತಿ ಅವರ ಪೈಕಿ. ನನಗಿಂತ ಎರಡು ವರ್ಷ ದೊಡ್ಡವಳು, ನಾಲಿಗೆ ನನಗಿಂತ ಹತ್ತು ಪಟ್ಟು ಚೂಪು, ಆದರೆ ತಲೆ ತಣ್ಣಗೆ. ಬೇಸಿಗೆಯಲ್ಲಿ ಸಡೆ ನೋಡಿದರೆ ಒಂದು ಹುಲ್ಲುಕಡ್ಡಿ ಇರುವುದಿಲ್ಲ. ಜೂನಿನಲ್ಲಿ ಮಳೆ ಬಿದ್ದ ಮೇಲೆ ನೋಡಬೇಕು. ತವಸೆ, ಹೀರೆ, ಬೆಂಡೆ, ಅಲಸಂದೆ, ಎಲ್ಲ ಆ ಹೆಂಗಸರು ಬೆಳೆದದ್ದು. ಕಲ್ಲಿನ ಮೇಲೆ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಹಾಕಿ, ಸೆಗಣಿ ಹಾಕಿ, ಮಾರಾಟಕ್ಕೆ ಬಾರದ ನನ್ನ ಬಲೆಯ ಪುಡಿಮೀನು ಹಾಕಿ, ಮಡಿ ಮಾಡಿದವರು ಅವರು. ಗಣೇಶನ ಹಬ್ಬಕ್ಕೆ ಮೊದಲ ತವಸೆಕಾಯಿ ನನ್ನ ಮನೆಗೆ ಬರುತ್ತದೆ. ನಾನು ಕ್ರೈಸ್ತನಾದರೇನು, ನಾಲಿಗೆಗೆ ತಿಳಿಯುತ್ತದೆಯೇ?

ಇನ್ನೊಂದು ಪದ್ಧತಿ ಇದೆ. ಮೇ ತಿಂಗಳ ಕೊನೆಗೆ ಒಡ್ಡು ದುರಸ್ತಿ. ಬರೀ ಕೆಸರು ಹಾಕಿದರೆ ಒಡ್ಡು ಗಟ್ಟಿಯಾಗುವುದಿಲ್ಲ, ಸಡೆಯ ಕೆಂಪು ಮಣ್ಣು ಬೆರೆಯಬೇಕು. ಅದನ್ನು ಸಡೆಯವರೇ ಹೊತ್ತು ತರುತ್ತಾರೆ, ಮನೆಗೊಂದು ಬುಟ್ಟಿ. ಗಜನಿಯಲ್ಲಿ ಅವರದೊಂದು ಅಂಗೈಯಷ್ಟು ಗದ್ದೆಯೂ ಇಲ್ಲ. ಆದರೂ ತರುತ್ತಾರೆ. ಬದಲಿಗೆ ಮಳೆಗಾಲದಲ್ಲಿ ತೂಬಿನ ಮೊದಲ ಮೀನು ಅವರಿಗೆ.

ಸಭೆಯ ಹಿಂದಿನ ದಿನ ಶನಿವಾರ ಮಧ್ಯಾಹ್ನ ಶೆವಂತಿ ಒಡ್ಡಿನ ಮೇಲೆ ಬಂದು ಕುಳಿತಳು. ಮಡಿಲಲ್ಲಿ ಗೇರುಹಣ್ಣು, ಕೈಯಲ್ಲಿ ಗೋಡೆಯಿಂದ ಕಿತ್ತ ನೋಟಿಸು.

"ಈ ನೋಟಿಸು ಓದು" ಅಂದಳು.

ಓದಿದೆ. ‘ಪ್ರಸ್ತಾವಿತ ಕ್ಯಾಸಿನೊ ಸಂಕೀರ್ಣಕ್ಕೆ ಗ್ರಾಮದಲ್ಲಿ ಸೂಕ್ತವಾದ ಜಾಗ ಯಾವುದೆಂಬ ಬಗ್ಗೆ ಗ್ರಾಮಸಭೆಯ ಅಭಿಪ್ರಾಯ ಪಡೆಯಲಾಗುವುದು.’

"ಇನ್ನೊಂದು ಸಲ ಓದು."

ಓದಿದೆ.

"ಬೇಕಾ ಅಂತ ಎಲ್ಲಿ ಕೇಳಿದ್ದಾರೆ ಇದರಲ್ಲಿ?"

ನಾನು ಕಾಗದವನ್ನು ಹಿಂದೆ ಮುಂದೆ ತಿರುವಿದೆ. ಎಲ್ಲೂ ಇರಲಿಲ್ಲ.

"ಎಲ್ಲಿ ಕಟ್ಟೋಣ ಅಂತ ಕೇಳ್ತಾರೆ. ಕಟ್ಟೋಣವಾ ಅಂತ ಕೇಳೋದೇ ಇಲ್ಲ. ಒಬ್ಬ ನನ್ನ ಮನೆಗೆ ನುಗ್ಗಿ, ಶೆವಂತಿ, ಯಾವ ಕೋಳಿ ಕೊಯ್ಯಲಿ ಅಂದ ಹಾಗಾಯ್ತು. ನಾವು ಆ ಕೆಂಪುದು ಬೇಡ, ಬಿಳಿದು ಬೇಡ ಅಂತ ಜಗಳ ಆಡ್ತಾ ಕೂರೋದು. ಅವನು ಒಲೆ ಹಚ್ಚಿ ಆಗಿರುತ್ತೆ."

"ಥೂ, ಇವರ!" ಅಂದೆ.

"ಉಗುಳಬೇಡ, ಕೇಳು. ನಾಳೆ ಯಾವ ಜಾಗದ ಹೆಸರೂ ಎತ್ತಬಾರದು. ಒಬ್ಬ ಎತ್ತಿದ ಅಂದ್ರೆ ಮುಗೀತು. ಎದ್ದು ನಿಲ್ಲು, ನಮಗೆ ಬೇಡವೇ ಬೇಡ ಅನ್ನು, ಕೂತ್ಕೋ. ಅಷ್ಟೇ ನಿನ್ನ ಕೆಲಸ."

"ನೀನೇ ಹೇಳಬಹುದಲ್ಲ?"

"ನಾನು ಹೇಳಿದ್ರೆ, ಸಡೆಯೋಳು ತನ್ನ ಜಾಗಕ್ಕೆ ಹೇಳ್ತಾಳೆ ಅಂತಾರೆ. ಆಮೇಲೆ ಕಾಗದ ತೋರಿಸು ಅಂತಾರೆ. ನಮ್ಮ ಹತ್ರ ಎಲ್ಲಿಂದ ಬರಬೇಕು ಕಾಗದ? ನಮ್ಮಜ್ಜಿ ಮಡಿ ಕಟ್ಟುವಾಗ ಯಾರು ಕಾಗದ ಕೊಟ್ಟಿದ್ರು? ನಿನ್ನ ಹಿಂದೆ ಇಪ್ಪತ್ತೆರಡು ಮನೆ ಇದೆ, ಖಾತೆ ಇದೆ. ನಿನ್ನ ಮಾತಿಗೆ ತೂಕ ಇದೆ, ಇನಾಸ್ ಬಾಬ್. ನಿನ್ನ ಬಾಯಿ ಮೇಲೆ ಮಾತ್ರ ನನಗೆ ಧೈರ್ಯ ಇಲ್ಲ."

"ಅಂದ್ರೆ?"

"ಫೆರಿ ಕೇರಿಯ ಮಿಂಗೆಲ್ ಕೆಣಕ್ತಾನೆ. ನೀನು ಹಾರ್ತೀಯ."

"ಅವನು ಕೆಣಕಲಿ, ಕುಣಿಯಲಿ, ತಲೆಕೆಳಗಾಗಿ ನಿಲ್ಲಲಿ. ನಾನು ಬಾಯಿ ಬಿಟ್ರೆ ಕೇಳು."

"ಶಿಲುಬೆ ಮುಟ್ಟಿ ಹೇಳು."

ಒಡ್ಡಿನ ತುದಿಯಲ್ಲಿ ಸುಣ್ಣ ಬಳಿದ ಪುಟ್ಟ ಶಿಲುಬೆ ಇದೆ. ಮುಟ್ಟಿ ಹೇಳಿದೆ. ಶೆವಂತಿ ಗೇರುಹಣ್ಣನ್ನೆಲ್ಲ ನನ್ನ ಟವೆಲ್ಲಿಗೆ ಸುರಿದು ಎದ್ದುಹೋದಳು.

ಅವಳು ಕೇಳಿದರೆ ನಾನು ಇಲ್ಲ ಅನ್ನಲಾರೆ, ಅದಕ್ಕೆ ಕಾರಣವಿದೆ. ಹದಿನೆಂಟು ವರ್ಷದ ಹಿಂದಿನ ಮಾತು. ಸಾಂಜಾಂವ್ ಹಬ್ಬದ ದಿನ ಬಾವಿಗೆ ಹಾರುವುದು ನಮ್ಮಲ್ಲಿ ವಾಡಿಕೆ, ನಾನೂ ತಲೆಗೆ ಹೂಬಳ್ಳಿಯ ಕಿರೀಟ ಕಟ್ಟಿಕೊಂಡು ಎಲ್ಲರ ಮನೆಯ ಬಾವಿಗೂ ಹಾರಿದೆ. ಪ್ರತಿ ಬಾವಿಯ ಕಟ್ಟೆಯಲ್ಲೂ ಒಂದೊಂದು ಲೋಟ ಫೆನ್ನಿ. ಬೆಳಿಗ್ಗೆ ಮೀನಿಗಾಗಿ ಎತ್ತಿದ್ದ ಹಲಗೆಯನ್ನು ಇಳಿಸಲು ಮರೆತೇಹೋಯಿತು. ನಾನು ಏಳನೆಯ ಬಾವಿಯಲ್ಲಿ ಹಾಡು ಹೇಳುತ್ತಿದ್ದಾಗ ಹೊಳೆ ಗಜನಿಯೊಳಗೆ ಬಂತು. ನೀರಿನ ರಭಸಕ್ಕೆ ತೂಬಿನ ಎಡಮಗ್ಗುಲು ಕಿತ್ತುಹೋಯಿತು. ಮೂರು ವರ್ಷ ಭತ್ತ ಬರಲಿಲ್ಲ. ಅವತ್ತು ನನ್ನ ಕೇರಿಯವರು ನನ್ನನ್ನು ಬೈಯುತ್ತ ಒಡ್ಡಿನ ಮೇಲೆ ನಿಂತಿದ್ದರು. ಸಡೆಯಿಂದ ಶೆವಂತಿ ಹನ್ನೊಂದು ಹೆಂಗಸರನ್ನು ಕರಕೊಂಡು ಬುಟ್ಟಿ ಹೊತ್ತು ಇಳಿದಳು, ಒಂದು ಮಾತೂ ಆಡದೆ ಸೊಂಟಮಟ್ಟ ನೀರಿಗಿಳಿದು ಮಣ್ಣು ಹಾಕಿದಳು. ಅದನ್ನು ಮರೆಯುವಷ್ಟು ಕೃತಘ್ನ ನಾನಲ್ಲ ಎಂದುಕೊಂಡಿದ್ದೆ.

ಭಾನುವಾರ ಪೂಜೆ ಮುಗಿಸಿ ಎಲ್ಲರೂ ನೇರ ಪಂಚಾಯಿತಿಗೆ ಬಂದರು. ರಸ್ತೆಗೋ ನೀರಿಗೋ ಸಭೆ ಕರೆದರೆ ಇಪ್ಪತ್ತು ಜನ ಸೇರುವುದಿಲ್ಲ, ಅವತ್ತು ಕಿಟಕಿಯಲ್ಲೂ ಜನ. ಬಾಗಿಲಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಒಳಗೆ ಹೋದೆ. ಎಡಗಡೆ ಕುರ್ಚಿಗಳಲ್ಲಿ ನಮ್ಮ ಒಡ್ಡಿನ ಕೇರಿ, ಬಲಗಡೆ ಫೆರಿ ಕೇರಿ. ಎರಡು ಕೇರಿಗಳು ಒಂದೇ ಮಾತಿಗೆ ಕೈಯೆತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಹಿಂದಿನ ಬೆಂಚಿನಲ್ಲಿ ಶೆವಂತಿ ಮತ್ತು ಸಡೆಯ ಹೆಂಗಸರು. ಮೇಜಿನ ಹಿಂದೆ ಸರಪಂಚ ದಾಮಾ ಕೆರ್ಕರ್, ಅವನ ಪಕ್ಕ ಸೆಕ್ರೆಟರಿ ಬಾಯಿ, ಅವಳ ಮುಂದೆ ಠರಾವಿನ ದಪ್ಪ ಪುಸ್ತಕ. ನಾವು ಕೊಂಕಣಿಯಲ್ಲಿ ಕೂಗುತ್ತೇವೆ, ಅವಳು ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಅವಳ ಪೆನ್ನು ನಿಂತದ್ದನ್ನು ಯಾರೂ ಕಂಡಿಲ್ಲ.

ದಾಮಾ ಗಂಟಲು ಸರಿಮಾಡಿಕೊಳ್ಳುವ ಮೊದಲೇ ನಾನು ಎದ್ದೆ.

"ಸರಪಂಚರೇ, ಒಂದು ಮಾತು. ಜಾಗ ಆಮೇಲೆ. ಈ ಕ್ಯಾಸಿನೊ ನಮಗೆ ಬೇಕಾ ಅಂತ ಮೊದಲು ಕೇಳಿ. ನಮಗೆ ಬೇಡ."

ಹೇಳಿ ಕೂತೆ. ಶಿಲುಬೆಯಾಣೆ, ಹಾಗೇ ಕೂತೆ. ಹಿಂದೆ ತಿರುಗಿ ನೋಡಿದರೆ ಶೆವಂತಿ ತಲೆಯಾಡಿಸಿದಳು.

"ಇನಾಸ್ ಬಾಬ್, ನಿಮ್ಮ ಭಾವನೆ ಅರ್ಥ ಆಗುತ್ತೆ" ಅಂದ ದಾಮಾ, ಜೇನು ಸುರಿಸುವ ದನಿಯಲ್ಲಿ. "ಆದ್ರೆ ಅದು ಇವತ್ತಿನ ವಿಷಯಪಟ್ಟಿಯಲ್ಲಿ ಇಲ್ಲ. ಇವತ್ತು ಜಾಗದ ವಿಷಯ."

"ಪಟ್ಟಿಯಲ್ಲಿ ಇಲ್ಲದಿದ್ರೆ ಸೇರಿಸಿ!"

"ಹಾಗೆಲ್ಲ ಸೇರಿಸೋಕಾಗಲ್ಲ. ಏಳು ದಿನ ಮೊದಲು ಬರೆದು ಕೊಡಬೇಕಿತ್ತು."

"ನೋಟಿಸು ಅಂಟಿಸಿದ್ದೇ ಐದು ದಿನದ ಹಿಂದೆ!"

ನಕ್ಕರು. ನಕ್ಕದ್ದು ನನ್ನ ಕೇರಿಯವರೂ ಹೌದು. ಆದರೆ ಒಬ್ಬನೂ ಎದ್ದು, ಹೌದು ಇನಾಸ್ ಹೇಳೋದು ಸರಿ, ಅನ್ನಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಬಲಗಡೆಯಿಂದ ಮಿಂಗೆಲ್ ಎದ್ದಾಗಿತ್ತು. ಮಿಂಗೆಲನದು ಫೆರಿ ಇಳಿಜಾರಿನ ಪಕ್ಕದಲ್ಲೇ ತವೆರ್ನಾ, ಅಂದರೆ ಫೆನ್ನಿ ಅಂಗಡಿ, ಬೆಳಗಿನಿಂದ ಸಂಜೆವರೆಗೆ ಅಲ್ಲಿ ಕೂತವರೆಲ್ಲ ಅವನ ಮಾತಿಗೆ ಹೂಂಗುಟ್ಟಿ ಅವನಿಗೆ ದೊಡ್ಡ ಭಾಷಣಕಾರನೆಂಬ ಭ್ರಮೆ ಹಿಡಿದಿತ್ತು.

"ಬೇಕು ಬೇಡ ದೇವರು ನೋಡ್ಕೊಳ್ಳಲಿ" ಅಂದ ಮಿಂಗೆಲ್. "ಫೆರಿ ಕೇರಿಯಲ್ಲಂತೂ ಬೇಡ. ಈಗಲೇ ಫೆರಿಗೆ ನಿಂತ ಕಾರು ನಮ್ಮ ತುಳಸಿಕಟ್ಟೆವರೆಗೆ ಬರುತ್ತೆ. ಕ್ಯಾಸಿನೊ ಬಂದ್ರೆ ಅಡಿಗೆಮನೆಗೇ ಬರುತ್ತೆ."

"ನಿನಗೆ ಯಾವ ತುಳಸಿಕಟ್ಟೆಯೋ, ನಿನ್ನ ಮನೆ ಮುಂದೆ ಇರೋದು ಖಾಲಿ ಬಾಟಲಿ!" ಅಂತ ನಮ್ಮ ಕಡೆಯಿಂದ ಯಾರೋ ಕೂಗಿದರು.

"ಪಕ್ಕದ ಮನೆಯವರದು ಹೇಳಿದೆ! ನೆರೆಹೊರೆ ಅಂತ ಗೊತ್ತಿದ್ರೆ ತಾನೇ ನಿಮಗೆ?"

ಅಲ್ಲಿಗೆ ಹೋಯಿತು. ಇನ್ನೇನು ಉಳಿಯಿತು? ಒಬ್ಬಳು ಎದ್ದು ಕ್ಯಾಸಿನೊ ಬಂದರೆ ಸಂಗೀತದ ಗದ್ದಲಕ್ಕೆ ತನ್ನ ಕೋಳಿಗಳು ಮೊಟ್ಟೆ ಇಡುವುದಿಲ್ಲ ಅಂದಳು. ಇನ್ನೊಬ್ಬ, ಒಡ್ಡಿನ ಕಡೆಗೆ ಗಾಳಿ ಬೀಸುತ್ತದೆ, ಗದ್ದಲ ಅಲ್ಲಿಗೇ ಹೋಗುತ್ತದೆ, ಹಾಗಾಗಿ ಅಲ್ಲೇ ಕಟ್ಟಿದರೆ ಸರಿ ಅಂದ. ನಮ್ಮವರು, ಒಡ್ಡಿಗೆ ಹೋಗುವ ದಾರಿಯಲ್ಲಿ ಎರಡು ಸ್ಕೂಟರ್ ದಾಟುವುದಿಲ್ಲ, ಬಸ್ಸು ಹೇಗೆ ಬರುತ್ತದೆ ಅಂದರು. ಅವರು, ದಾರಿ ಅಗಲ ಮಾಡಬಹುದು, ನಿಮ್ಮ ಮನೆಗಳನ್ನು ಹಿಂದಕ್ಕೆ ಸರಿಸಿ ಅಂದರು. ಫುಟ್‌ಬಾಲ್ ಗೋಲುಕಂಬದ ಹಳೇ ಜಗಳ ಬಂತು. ಯಾವ ಕೇರಿಯ ಲದಿನ್ಹಾ ಪ್ರಾರ್ಥನೆಯಲ್ಲಿ ಯಾರು ಕಡಲೆ ಕೊಡಲಿಲ್ಲ ಎಂಬುದೂ ಬಂತು. ಒಂದು ಗಂಟೆ ಊರಿಗೆ ಊರೇ ಬಾಯಿ ಹರಿದುಕೊಂಡಿತು, ಕ್ಯಾಸಿನೊ ಬೇಡ ಎಂಬ ಮಾತು ಮಾತ್ರ ಒಬ್ಬನ ಬಾಯಿಂದಲೂ ಬರಲಿಲ್ಲ. ಇಲ್ಲಿ ಬೇಡ, ಅಲ್ಲಿ ಕಟ್ಟಿ. ಅಲ್ಲಿ ಬೇಡ, ಇಲ್ಲಿ ಕಟ್ಟಿ. ನಾನು ಎರಡು ಸಲ ಎದ್ದು, "ಅಯ್ಯೋ ಜನಗಳೇ, ಬೇಕಾ ಅಂತ ಕೇಳಿ!" ಅಂದೆ. ಎಸ್ಪೆರಾನ್ಸಾ ನನ್ನ ಅಂಗಿ ಹಿಡಿದು ಕೂರಿಸಿದಳು. ತಲೆ ಕಾದ ಬಾಣಲೆಯಾಗಿತ್ತು. ಆದರೂ ಜಾಗದ ಹೆಸರು ಬಾಯಿಗೆ ತರಲಿಲ್ಲ.

ದಾಮಾ ಕೆರ್ಕರ್ ಅಷ್ಟು ಹೊತ್ತೂ ಕೈಕಟ್ಟಿ ಕೂತಿದ್ದ. ಅವನಿಗೆ ಅವಸರವೇ ಇರಲಿಲ್ಲ. ಆಗ ಮಿಂಗೆಲ್ ಮತ್ತೆ ಎದ್ದ.

"ನಾನು ನೇರ ಮಾತಾಡ್ತೀನಿ. ಒಡ್ಡಿನಲ್ಲೇ ಕಟ್ಟಿ. ಅಲ್ಲಿ ಏನಿದೆ ಹೇಳಿ? ಕೆಸರು, ಸೊಳ್ಳೆ, ಒಂದು ಸೋರೋ ತೂಬು."

ನಾನು ಕುರ್ಚಿಯ ಹಿಡಿಕೆ ಬಿಗಿಯಾಗಿ ಹಿಡಿದೆ.

"ತೂಬು ಕಾಯೋಕೆ ಒಬ್ಬ ಇದ್ದಾನೆ ಅಂತಾರೆ. ಎಲ್ಲಿ ಕಾಯ್ತಾನೆ? ಸಾಂಜಾಂವ್ ದಿನ ಬಾವಿಯಲ್ಲಿ ಕಾಯ್ತಾನೆ!"

ಬಲಗಡೆ ಪೂರ್ತಿ ಹೋ ಎಂದಿತು. ಎಡಗಡೆಯಲ್ಲೂ ಕೆಲವರು ಬಾಯಿಗೆ ಕೈ ಅಡ್ಡ ಹಿಡಿದರು.

"ಮೂರು ವರ್ಷ ಗದ್ದೆಗೆ ಉಪ್ಪು ತಿನ್ನಿಸಿದ ತೂಬು ಅದು! ಅದನ್ನ ಮುಚ್ಚಿ ಕ್ಯಾಸಿನೊ ಕಟ್ಟಿದ್ರೆ ಇನಾಸ್‌ಗೂ ಕೆಲಸ ಸಿಗುತ್ತೆ. ಬಾಗಿಲು ಕಾಯೋ ಕೆಲಸ! ಆ ಬಾಗಿಲು ತೆರೆದಿಟ್ಟು ಮರೆತ್ರೂ ಯಾರದೂ ಭತ್ತ ಸಾಯಲ್ಲ!"

ಎಸ್ಪೆರಾನ್ಸಾ ಅಂಗಿ ಹಿಡಿದಿದ್ದಳು. ಅಂಗಿಯ ಗುಂಡಿ ಕಿತ್ತು ಅವಳ ಕೈಯಲ್ಲಿ ಉಳಿಯಿತು. ನಾನು ಎದ್ದು ನಿಂತಿದ್ದೆ, ನನ್ನ ದನಿ ನನಗೇ ಗುರುತು ಸಿಗದಷ್ಟು ದೊಡ್ಡದಾಗಿತ್ತು.

"ನನ್ನ ತೂಬು ಮುಟ್ಟಿದ್ರೆ ಕೈ ಕತ್ತರಿಸ್ತೀನಿ! ಅಷ್ಟು ಚಟ ಇದ್ರೆ ಮೇಲೆ ಹೋಗಿ ಕಟ್ಕೊಂಡು ಸಾಯಿರಿ! ಸಡೆ ಖಾಲಿ ಬಿದ್ದಿದೆ!"

ಸೆಕ್ರೆಟರಿ ಬಾಯಿಯ ಪೆನ್ನು ಓಡುತ್ತಲೇ ಇತ್ತು.

"ಸೂಚಕರು, ಶ್ರೀ ಇನಾಸ್" ಅಂದ ದಾಮಾ ಮೆತ್ತಗೆ. "ಅನುಮೋದಕರು?"

"ನಾನು!" ಅಂದ ಮಿಂಗೆಲ್. ಅವನ ಮುಖದಲ್ಲಿ ಬೆಳಕು. "ಅರೆ, ನಲವತ್ತು ವರ್ಷದಲ್ಲಿ ಮೊದಲ ಸಲ ಈ ಮನುಷ್ಯ ಬುದ್ಧಿಯ ಮಾತು ಆಡಿದ! ನನ್ನ ಅನುಮೋದನೆ ಬರ್ಕೊಳ್ಳಿ!"

"ಸಡೆಯ ಪರ ಇರುವವರು ಕೈ ಎತ್ತಿ."

ಎಡಗಡೆಯೂ ಎದ್ದಿತು, ಬಲಗಡೆಯೂ ಎದ್ದಿತು. ಎರಡು ಕೇರಿಗಳು ಒಂದೇ ಮಾತಿಗೆ ಕೈಯೆತ್ತುವುದನ್ನು ಕೊನೆಗೂ ನೋಡಿದೆ. ಚಪ್ಪಾಳೆ ಬೇರೆ. ಯಾರೋ ನನ್ನ ಬೆನ್ನು ತಟ್ಟಿದರು. "ನಿಲ್ಲಿ, ನಾನು ಸೂಚನೆ ಮಾಡಿದ್ದಲ್ಲ, ಬೈದದ್ದು! ಬೈದದ್ದನ್ನ ಬರ್ಕೊಳ್ತಾರಾ?" ಅಂತ ಕೂಗಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಹಿಂದಿನ ಬೆಂಚಿನ ಕಡೆಗೆ ತಿರುಗಿದೆ. ಸಡೆಯ ಹೆಂಗಸರು ಆಗಲೇ ಸೆರಗು ಸರಿಮಾಡಿಕೊಂಡು ಹೊರಟಿದ್ದರು. ಶೆವಂತಿ ಕೊನೆಯವಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ವಾಸಿ. ಅವಳು ನನ್ನನ್ನು ನೋಡಲೂ ಇಲ್ಲ.

ಸೋಮವಾರ ಬಾಗಿಲು ತೆರೆಯುವ ಮೊದಲೇ ಪಂಚಾಯಿತಿಯ ಮುಂದೆ ನಿಂತೆ. ಸೆಕ್ರೆಟರಿ ಬಾಯಿ ಪುಸ್ತಕ ತೆಗೆದು ಅರ್ಥ ಹೇಳಿದಳು. ‘ಗ್ರಾಮದ ಸಡೆಯ ಮೇಲಿನ ಖಾಲಿ ಜಾಗವು ಕ್ಯಾಸಿನೊ ಸಂಕೀರ್ಣಕ್ಕೆ ಸೂಕ್ತವೆಂದು ಗ್ರಾಮಸಭೆಯು ಒಪ್ಪಿದೆ.’ ಕೆಳಗೆ ನನ್ನ ಹೆಸರು, ಅದರ ಕೆಳಗೆ ಮಿಂಗೆಲನದು, ಜೊತೆಜೊತೆಗೆ.

"ಖಾಲಿ ಅನ್ನೋದನ್ನಾದ್ರೂ ಹೊಡೆದುಹಾಕಿ, ಬಾಯಿ. ಅಲ್ಲಿ ಹನ್ನೆರಡು ಮನೆ ಇದೆ. ಅವರ ಮಡಿ ಇದೆ."

"ನೀವೇ ಹೇಳಿದ್ದಲ್ವಾ ಇನಾಸ್ ಬಾಬ್? ನಾನು ನನ್ನ ಕಡೆಯಿಂದ ಒಂದಕ್ಷರ ಸೇರಿಸಲ್ಲ."

"ಸಿಟ್ಟಲ್ಲಿ ಹೇಳಿದೆ."

"ಸಿಟ್ಟಿಗೆ ಈ ಪುಸ್ತಕದಲ್ಲಿ ಬೇರೆ ಕಾಲಂ ಇಲ್ಲ." ಅವಳು ನಿಜಕ್ಕೂ ಬೇಸರದಿಂದಲೇ ಹೇಳಿದಳು. "ಜುಲೈ ಸಭೆಗೆ ಮುಂಚೆ ಬರೆದು ಕೊಡಿ. ಹಳೇ ಠರಾವು ಬೇಡ ಅಂತ ಅರವತ್ತು ಜನರ ಸಹಿ ತನ್ನಿ, ಪಟ್ಟಿಗೆ ಹಾಕ್ತೀನಿ. ಈ ಪ್ರತಿ ಮಾತ್ರ ನಿನ್ನೆ ಸಂಜೆಯೇ ಮೇಲಿನ ಕಚೇರಿಗೆ ಹೋಯ್ತು."

ಅರವತ್ತು ಸಹಿ. ನನ್ನ ಕೇರಿಯಲ್ಲೇ ಎಂಬತ್ತು ವೋಟು ಇವೆ, ಇದೇನು ಮಹಾ ಎಂದುಕೊಂಡು ಕಾಗದ ಹಿಡಿದು ಹೊರಟೆ. ಮೂರು ವಾರ ತಿರುಗಿದೆ. ಒಂದು ಮನೆಯಲ್ಲಿ ಕೂರಿಸಿ ಚಹಾ ಕೊಟ್ಟರು, ಪೆನ್ನು ಮಾತ್ರ ಸಿಗಲಿಲ್ಲ. ಇನ್ನೊಂದು ಮನೆಯಲ್ಲಿ, ಗಂಡ ಬರಲಿ ಎಂದರು, ಗಂಡ ಒಳಗೆ ಕೆಮ್ಮುವುದು ಕೇಳಿಸುತ್ತಿತ್ತು.

"ನಿನಗೆ ತಲೆ ಕೆಟ್ಟಿದೆಯಾ?" ಎಂದು ಸ್ವಂತ ತಮ್ಮನೇ ಹೇಳಿದ, ಆರು ವರ್ಷದ ಮೇಲೆ ಮಾತಾಡಿಸಿದ್ದು ಹೀಗೆ. "ಠರಾವು ಹೋದ್ರೆ ಮತ್ತೆ ಮೂರು ಜಾಗ ಬರುತ್ತೆ. ಮತ್ತೆ ಒಡ್ಡಿನ ಹೆಸರು ಬರುತ್ತೆ. ನಮ್ಮ ತೂಬು ಉಳಿಸಿದೋನು ನೀನೇ. ಈಗ ನೀನೇ ಹೋಗಿ ಅದಕ್ಕೆ ಬೆಂಕಿ ಹಚ್ತೀಯಾ?"

"ಬೇಡವೇ ಬೇಡ ಅಂತ ಬರೆಯೋಣ. ಎಲ್ಲೂ ಬೇಡ ಅಂತ."

"ಎಲ್ಲೂ ಬೇಡ ಅಂದ್ರೆ ಯಾರು ಕೇಳ್ತಾರೆ, ಇನಾಸ್? ಎಲ್ಲೋ ಒಂದು ಕಡೆ ಬಂದೇ ಬರುತ್ತೆ. ಬರೋದು ಬರಲಿ, ನಮ್ಮ ಮೇಲೆ ಬರದಿದ್ರೆ ಸಾಕು."

ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಏನೆಂದು ಬಾರಿಸುವುದು? ಸಭೆಯಲ್ಲಿ ಎಲ್ಲರೂ ಆಡಿದ್ದು ಇದೇ ಮಾತು, ಅವರೆಲ್ಲರಿಗಿಂತ ಜೋರಾಗಿ ಆಡಿದವನು ನಾನು.

ಮೇ ಕೊನೆಗೆ ಕಾಗದದಲ್ಲಿ ಎರಡು ಹೆಸರುಗಳಿದ್ದವು. ನನ್ನದು, ಎಸ್ಪೆರಾನ್ಸಾಳದು. ಅವಳೂ, "ನಿನ್ನ ಮುಖ ನೋಡೋಕಾಗಲ್ಲ, ಕೊಡು ಇಲ್ಲಿ" ಎಂದು ಹಾಕಿದ್ದು. ಸಡೆಯವರ ಸಹಿ ಕೇಳಿದರೆ ಕೊಟ್ಟೇ ಕೊಡುತ್ತಿದ್ದರು. ಆದರೆ ಮೇಲೆ ಹತ್ತುವುದಕ್ಕೆ ನನಗೆ ಮುಖವಿರಲಿಲ್ಲ. ಎರಡು ಸಲ ಅರ್ಧ ದಾರಿ ಹೋಗಿ ತಿರುಗಿ ಬಂದೆ.

ಒಡ್ಡಿನ ಕೆಲಸದ ಶನಿವಾರ ಬಂತು. ಬೆಳಿಗ್ಗೆ ಇಳಿತಕ್ಕೆ ಕೇರಿಯವರು ಹೊಳೆಯ ಕೆಸರು ಎತ್ತಿ ಎತ್ತಿ ಸಾಲು ಹಾಕಿದರು. ಹುಲ್ಲು ಬಂತು, ಕಲ್ಲು ಬಂತು. ಕೆಂಪು ಮಣ್ಣಿಲ್ಲ. ಯಾರೂ ಸಡೆಯ ದಾರಿಯ ಕಡೆ ನೋಡಲಿಲ್ಲ, ಎಲ್ಲರಿಗೂ ಗೊತ್ತಿತ್ತು.

"ಲಾರಿಯಲ್ಲಿ ತರಿಸಿದ್ರಾಯ್ತು ಬಿಡು" ಅಂದ ತಮ್ಮ.

"ಯಾವ ಮುಖ ಇಟ್ಕೊಂಡು ತರಿಸ್ತೀಯ? ಅದೂ ಸಡೆಯಿಂದಲೇ ಬರಬೇಕು" ಅಂದೆ. ಅವನು ಗುದ್ದಲಿ ಹಿಡಿದು ಆಚೆ ಹೋದ.

ಅಷ್ಟರಲ್ಲಿ ಗೇರುಮರಗಳ ನಡುವೆ ಬುಟ್ಟಿಗಳು ಕಂಡವು. ಮುಂದೆ ಶೆವಂತಿ. ನೇರ ತೂಬಿನ ಹತ್ತಿರ ಬಂದು ಬುಟ್ಟಿ ಇಳಿಸಿದಳು, ಸೆರಗಿನಿಂದ ಕತ್ತು ಒರೆಸಿಕೊಂಡಳು.

"ನೀನು ಬರ್ತೀಯ ಅಂದ್ಕೊಂಡಿರಲಿಲ್ಲ, ಶೆವಂತಿ ಬಾಯಿ."

"ಒಡ್ಡು ನನಗೇನು ಮಾಡಿದೆ? ಮಾತಾಡಿದ್ದು ನೀನು."

"ತಪ್ಪಾಯ್ತು. ಶಿಲುಬೆ ಮುಟ್ಟಿ ಹೇಳಿ ಹೀಗೆ ಮಾಡಿದೆ. ಜುಲೈ ಸಭೇಲಿ ಎತ್ತುತ್ತೀನಿ. ಸಹಿ ಸೇರಿಸ್ತಾ ಇದ್ದೀನಿ."

"ಎಷ್ಟಾಯ್ತು?"

ಸುಳ್ಳು ಹೇಳಬೇಕೆನಿಸಿತು. "ಎರಡು" ಅಂದೆ.

"ಎಷ್ಟು ಬೇಕು?"

"ಅರವತ್ತು."

ಅವಳು ಒಡ್ಡಿನ ಉದ್ದಕ್ಕೂ ಬಗ್ಗಿ ಕೆಲಸ ಮಾಡುತ್ತಿದ್ದ ನನ್ನ ಕೇರಿಯವರನ್ನು ಒಮ್ಮೆ ನೋಡಿದಳು. ಯಾರೂ ತಲೆ ಎತ್ತಲಿಲ್ಲ.

ನಾನು ಬುಟ್ಟಿಗೆ ಕೈ ಹಾಕಿದೆ. ಪ್ರತಿ ವರ್ಷ ಅವರು ತರುವುದು ಸಡೆಯ ಅಂಚಿನ ಗಡಸು ಮಣ್ಣು, ಅರ್ಧಕ್ಕರ್ಧ ಕಲ್ಲು. ಇದು ಬೇರೆ. ಮೆತ್ತಗೆ, ಕಪ್ಪಗೆ, ಹಿಂದಿನ ವರ್ಷದ ಬೇರುಗಳು, ಒಣಗಿದ ತವಸೆಬಳ್ಳಿಯ ತುಂಡು. ನಡುನಡುವೆ ಮೀನಿನ ಹುರುಪೆಗಳು ಹೊಳೆಯುತ್ತಿದ್ದವು. ನನ್ನ ಬಲೆಯ ಪುಡಿಮೀನು, ನಾನೇ ಕೊಟ್ಟದ್ದು.

"ಇದು ಮಡಿ ಮಣ್ಣು" ಅಂದೆ. "ಇದನ್ನ ಯಾಕೆ ತಂದೆ?"

"ಗುರುವಾರ ಅಳತೆಯವರು ಬಂದಿದ್ರು. ಯಂತ್ರ ತಂದು ನಾಲ್ಕು ಗುಂಡಿ ತೋಡಿದ್ರು, ಕೆಳಗೆ ಬಂಡೆ ಎಷ್ಟು ಗಟ್ಟಿ ನೋಡೋಕಂತೆ. ಎರಡು ನನ್ನ ತವಸೆ ಮಡಿಯಲ್ಲೇ. ಇದು ನನ್ನ ಮಡಿ ಕಣಪ್ಪಾ ಅಂದೆ. ಕಾಗದ ತೆಗೆದು ತೋರಿಸಿದ್ರು. ಖಾಲಿ ಜಾಗ ಅಂತ ನಿಮ್ಮೂರವರೇ ಬರ್ಕೊಟ್ಟಿದ್ದಾರೆ ಅಂದ್ರು. ಹೆಸರೂ ಓದಿ ಹೇಳಿದ್ರು."

ನನ್ನ ಸಿಟ್ಟು ಬರಲಿ ಎಂದು ಕಾದೆ. ದಾಮಾನ ಮೇಲೆ, ಮಿಂಗೆಲನ ಮೇಲೆ, ಆ ಅಳತೆಯವರ ಮೇಲೆ, ಯಾರ ಮೇಲಾದರೂ. ಬರಬೇಕಾದ ಹೊತ್ತಿಗೆ ಅದು ಬರಲೇ ಇಲ್ಲ.

"ಮಣ್ಣನ್ನ ಹೊರಗೆ ರಾಶಿ ಹಾಕಿ ಹೋಗಿದ್ದಾರೆ" ಅಂದಳು ಶೆವಂತಿ. "ಮಳೆ ಬಂದ್ರೆ ಕೊಚ್ಚಿಹೋಗುತ್ತೆ. ಮತ್ತೆ ಮಡಿ ಕಟ್ಟೋಕೆ ಬಿಡಲ್ಲ. ಸುಮ್ಮನೆ ಹೊಳೆಗೆ ಹೋಗೋ ಬದಲು ನಿನ್ನ ತೂಬಿಗಾದ್ರೂ ಆಗಲಿ. ಎಡಮಗ್ಗುಲು ಇನ್ನೂ ಸೋರುತ್ತಲ್ಲ?"

"ಸೋರುತ್ತೆ."

"ಮತ್ತೆ ನಿಂತು ನೋಡ್ತೀಯಲ್ಲ, ಉಬ್ಬರ ಕಾಯುತ್ತಾ ನಿನಗೆ? ಹಾಕು."

ನಾನು ಬುಟ್ಟಿ ಎತ್ತಿ ಎಡಮಗ್ಗುಲಿಗೆ ಸುರಿದೆ. ಕೆಸರಿನ ಜೊತೆ ಕಲಸಿ ಬರಿಗಾಲಲ್ಲಿ ತುಳಿದೆ. ಮಣ್ಣು ಬೆಣ್ಣೆಯಂತೆ ಕೂತಿತು. ಅವಳು ಖಾಲಿ ಬುಟ್ಟಿ ತೆಗೆದುಕೊಂಡು ಪಕ್ಕಕ್ಕೆ ಸರಿದು ಮುಂದಿನವಳಿಗೆ ಜಾಗ ಬಿಟ್ಟಳು. ಅವಳ ಹಿಂದೆ ಇನ್ನೂ ಹನ್ನೊಂದು ಬುಟ್ಟಿಗಳಿದ್ದವು.